ತಂಬೂರಿ ಪೆಟ್ಟಿಗೆಯಲ್ಲಿ ಕೋವಿ

ಹೊಸ ಚಪ್ಪಲಿಯ ಡಬ್ಬಿ ಮನೆಗೆ ಬಂದರೆ ನಾನು ಮೊದಲು ಹುಡುಕುವುದು ಚಪ್ಪಲಿಯನ್ನಲ್ಲ. ಡಬ್ಬಿಯ ಮೂಲೆಯಲ್ಲಿ, ತೆಳುಕಾಗದದ ಅಡಿಯಲ್ಲಿ ಅವಿತುಕೊಂಡಿರುವ ಪುಟ್ಟ ಬಿಳಿ ಪೊಟ್ಟಣವನ್ನು. ಅಲ್ಲಾಡಿಸಿದರೆ ಒಳಗೆ ಹರಳು ಸರಸರ ಎನ್ನುತ್ತದಲ್ಲ, ಅದೇ. ತೇವ ಹೀರಿಕೊಳ್ಳಲಿ ಎಂದು ಹಾಕಿರುತ್ತಾರೆ. ಮೇಲೆ ‘ತಿನ್ನಬೇಡಿ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಚಪ್ಪಲಿ ಡಬ್ಬಿಯಲ್ಲಿ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವವರು ಯಾರಿರಬಹುದು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಕೈಚೀಲ, ಮಾತ್ರೆಯ ಡಬ್ಬಿ, ಮಿಕ್ಸಿ ಬಂದ ರಟ್ಟಿನ ಪೆಟ್ಟಿಗೆ, ಎಲ್ಲಿ ಸಿಕ್ಕರೂ ಅದನ್ನು ಬಿಡುವುದಿಲ್ಲ. ಒಮ್ಮೆ ನೆಂಟರ ಮನೆಯಲ್ಲಿ ಅವರ ಮಗಳು ಹೊಸ ಶೂ ತೋರಿಸಿದಾಗ “ಚೆನ್ನಾಗಿದೆ” ಎನ್ನುವುದರ ಬದಲು “ಪೊಟ್ಟಣ ಬಿಸಾಕಿಬಿಟ್ರಾ?” ಎಂದು ಕೇಳಿ, ಮನೆಗೆ ಬರುವ ತನಕ ಇವರ ಕೈಲಿ ಮಾತು ಕೇಳಿದ್ದಾಯಿತು.

ಇವರು ಎಂದರೆ ನನ್ನ ಯಜಮಾನರು, ಮೋಹನ್. ಪೊಟ್ಟಣದ ವಿಷಯದಲ್ಲಿ ನನ್ನನ್ನು ಅನ್ನುವ ಹಕ್ಕು ಅವರಿಗೆ ಖಂಡಿತ ಇಲ್ಲ. ಯಾಕೆಂದರೆ ನಾನು ಅವನ್ನು ಕೂಡಿಡುವುದು ಅವರ ಕೋವಿಗಾಗಿ.

ಗಾಬರಿಯಾಗಬೇಡಿ. ನಮ್ಮದು ಹಲಸೂರು ಕೆರೆಯ ಹಿಂದಿನ ಗಲ್ಲಿಯೊಂದರಲ್ಲಿ, ಹಂಚು ತೆಗೆಸಿ ತಾರಸಿ ಹಾಕಿಸಿದ ಹಳೆಯ ಮನೆ. ಜಿರಳೆ ಕಂಡರೆ ನಾವು ಪೊರಕೆ ಹುಡುಕಿ ತರುವಷ್ಟರಲ್ಲಿ ಜಿರಳೆ ತನ್ನ ಕೆಲಸ ಮುಗಿಸಿಕೊಂಡು ಹೋಗಿರುತ್ತದೆ. ಅಷ್ಟು ಶೂರರು ನಾವು. ಕೋವಿ ಬಂದದ್ದು ಇವರ ತಾತನ ಕಾಲದಲ್ಲಿ. ಅವರು ದಂಡು ಪ್ರದೇಶದ ಹರಾಜು ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರಂತೆ. ಊರು ಬಿಟ್ಟು ಹೋಗುವ ಸಾಹೇಬರ ಮೇಜು, ಕನ್ನಡಿ, ಪಿಂಗಾಣಿ ಎಲ್ಲ ಅವರ ಕಣ್ಣೆದುರೇ ಕೂಗಿ ಹೋಗುತ್ತಿದ್ದವು. ಒಂದು ದಿನ ಗೋಡೆ ಗಡಿಯಾರ ತರುತ್ತೇನೆಂದು ಅಜ್ಜಿಗೆ ಹೇಳಿ ಹೋದವರು ಹೆಗಲ ಮೇಲೆ ಕೋವಿ ಹೊತ್ತು ಬಂದರು. ಗಡಿಯಾರ ಎಲ್ಲಿ ಎಂದದ್ದಕ್ಕೆ “ಇದೂ ಹೊಡೆಯತ್ತೆ, ಆದ್ರೆ ಗಂಟೆಗಂಟೆಗೂ ಅಲ್ಲ” ಎಂದರಂತೆ. ಅಜ್ಜಿ ಆ ರಾತ್ರಿ ಅಡುಗೆ ಮಾಡಲಿಲ್ಲ ಎನ್ನುವುದು ಮನೆತನದ ಇತಿಹಾಸ.

ಅದು ಕೇಪಿನ ಕೋವಿ. ತೋಟಾ ತುಂಬಿಸುವ ಹೊಸ ಕಾಲದ್ದಲ್ಲ. ಬಾಯಿಯಿಂದ ಮದ್ದು ಸುರಿದು ಗಿಡಿಯಬೇಕಾದದ್ದು. ಹಿಂಬದಿಯಲ್ಲಿ, ಕಿಡಿ ಹೊತ್ತಿಸುವ ತಗಡಿನ ಕೇಪಿನ ಮೇಲೆ ಬಡಿಯುವ ಒಂದು ಪುಟ್ಟ ಸುತ್ತಿಗೆ ಇದೆ. ಅದಕ್ಕೆ ನಮ್ಮ ಮನೆಯಲ್ಲಿ ಕುದುರೆ ಎನ್ನುತ್ತಾರೆ. ಮದ್ದಾಗಲಿ ಕೇಪಾಗಲಿ ಮನೆಯಲ್ಲಿದ್ದ ನೆನಪು ಯಾರಿಗೂ ಇಲ್ಲ. ಅದರಿಂದ ನಾವು ಒಂದು ಕಾಗೆಯನ್ನೂ ಹೆದರಿಸಿಲ್ಲ. ಲೈಸೆನ್ಸು ಮಾತ್ರ ತಾತನಿಂದ ಮಾವನವರಿಗೆ, ಮಾವನವರಿಂದ ಇವರಿಗೆ ತಪ್ಪದೆ ಬಂದಿದೆ. ಮಾವನವರ ಕೈಬೆವರು ಹತ್ತಿ ಹತ್ತಿ ಕಪ್ಪಾದ ಮರದ ಹಿಡಿಯನ್ನು ಇವರು ಆಗಾಗ ಸುಮ್ಮನೆ ಸವರುತ್ತಾರೆ. ಅದನ್ನು ಯಾರಿಗಾದರೂ ಕೊಟ್ಟುಬಿಡೋಣ ಎನ್ನುವ ಮಾತು ಹಾಗಾಗಿ ನಮ್ಮಲ್ಲಿ ಬರುವುದಿಲ್ಲ.

ನಾನು ಮದುವೆಯಾಗಿ ಬಂದ ವರ್ಷದ ಆಯುಧಪೂಜೆ. ಇಸ್ತ್ರಿ ಪೆಟ್ಟಿಗೆ, ಈಳಿಗೆಮಣೆ, ಸ್ಕೂಟರು, ಹೊಲಿಗೆ ಯಂತ್ರ ಎಲ್ಲಕ್ಕೂ ಹೂವು ಮುಡಿಸಿ ಆಗಿತ್ತು. ಆಗ ಮಾವನವರು ಅತ್ತೆಯ ಕೋಣೆಯ ಮಂಚದ ಕೆಳಗಿನಿಂದ ಒಂದು ಉದ್ದನೆಯ ಮರದ ಪೆಟ್ಟಿಗೆ ಎಳೆದರು. ಒಂದು ತುದಿಯಲ್ಲಿ ಸಣ್ಣಗೆ, ಇನ್ನೊಂದು ತುದಿಯಲ್ಲಿ ದುಂಡಗೆ ಹೊಟ್ಟೆ. ಯಾರು ನೋಡಿದರೂ ತಂಬೂರಿ ಪೆಟ್ಟಿಗೆ ಎಂದೇ ಹೇಳಬೇಕು. ಓಹೋ, ಈ ಮನೆಯಲ್ಲಿ ಹಾಡುತ್ತಾರೆ ಎಂದು ನಾನು ಸೆರಗು ಸರಿಮಾಡಿಕೊಂಡು, ಹಾಡು ಕೇಳುವ ಮುಖ ಹಾಕಿಕೊಂಡು ಚಾಪೆಯ ಮೇಲೆ ಕೂತೆ. ಮುಚ್ಚಳ ತೆರೆಯಿತು. ಬಂದದ್ದು ಕೋವಿ.

ಹಾಡು ಕೇಳುವ ಮುಖವನ್ನು ತಕ್ಷಣ ಬದಲಾಯಿಸಲು ಬರುವುದಿಲ್ಲ. ಇವರು ಇವತ್ತಿಗೂ ಅದನ್ನು ಅಭಿನಯಿಸಿ ತೋರಿಸುತ್ತಾರೆ.

ಪೆಟ್ಟಿಗೆಯ ಒಳಗೆ ಮಾಸಿದ ಕೆಂಪು ಮಕಮಲ್ಲು. ತಂಬೂರಿಯ ಬುರುಡೆ ಕೂರಬೇಕಾದ ದುಂಡು ಗುಂಡಿಯಲ್ಲಿ ಹಳೆಯ ಟರ್ಕಿ ಟವೆಲುಗಳನ್ನು ತುರುಕಿ, ಅದರ ಮೇಲೆ ಕೋವಿಯ ಹಿಡಿಯನ್ನು ಮಲಗಿಸಿದ್ದರು. ಹೊಸ ಸೊಸೆ ಸುಮ್ಮನಿರಬೇಕಿತ್ತು. “ತಂಬೂರಿ ಎಲ್ಲಿ ಅತ್ತೆ?” ಎಂದು ಕೇಳಿಯೇಬಿಟ್ಟೆ. ಅತ್ತೆ ಕುಂಕುಮದ ಬಟ್ಟಲಿನಿಂದ ಕಣ್ಣೆತ್ತದೆ, “ಯಾರಿಗೋ ಕೊಟ್ವಿ ಕಣಮ್ಮ” ಎಂದರು.

ಇಂಥ ಪ್ರಶ್ನೆಗಳು ನನಗೆ ಕಾನ್ವೆಂಟಿನಿಂದ ಬಂದ ರೋಗ ಇರಬೇಕು. ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಬಟ್ಟೆಯ ಮುಂಭಾಗ ನೋಡುತ್ತಲೇ ಇರಲಿಲ್ಲ. ತಿರುಗಿಸಿ ಹಿಂದಿನ ದಾರ ನೋಡಿ ಅಂಕ ಹಾಕುತ್ತಿದ್ದರು. ಆ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಕುತ್ತಿಗೆಗೆ ಮರದ ಬಿಲ್ಲೆ ಬೀಳುತ್ತಿತ್ತು. ಕನ್ನಡಕ್ಕೆ ನನ್ನ ಕೊರಳಿಗೆ, ದಖನಿ ಉರ್ದುವಿಗೆ ನಸ್ರೀನಳ ಕೊರಳಿಗೆ. ದಿನವಿಡೀ ಆ ಬಿಲ್ಲೆ ನಮ್ಮಿಬ್ಬರ ನಡುವೆಯೇ ಓಡಾಡಿ ನಾವು ಗೆಳತಿಯರಾದೆವು. ಇಷ್ಟು ವರ್ಷಗಳ ಮೇಲೆ ನಾನು ಕನ್ನಡದಲ್ಲಿ ಬರೆಯಲು ಕೂತರೆ ಈಗಲೂ ಒಮ್ಮೊಮ್ಮೆ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತೇನೆ.

ಅತ್ತೆಯ ವಿಷಯ ಹೇಳುತ್ತಿದ್ದೆ. ಅವರು ಹಾಡಿದ್ದನ್ನು ನಾನು ಕೇಳಿಲ್ಲ. ಗುನುಗಿದ್ದೂ ಇಲ್ಲ. ಆದರೆ ಅವರ ಕಿವಿ! ವರಾಂಡದಲ್ಲಿ ಹೂ ಕಟ್ಟುತ್ತಾ ಕೂತವರು ಅಲ್ಲಿಂದಲೇ, “ವಸುಧಾ, ಕುಕ್ಕರ್ ಶ್ರುತಿ ಇಳಿದಿದೆ, ಗ್ಯಾಸ್ಕೆಟ್ ನೋಡು” ಎನ್ನುತ್ತಿದ್ದರು. ನೋಡಿದರೆ ಗ್ಯಾಸ್ಕೆಟ್ ಸೀಳಿರುತ್ತಿತ್ತು. ಬಾಣಸವಾಡಿ ಕಡೆಯಿಂದ ಬರುವ ರೈಲಿನ ಕೂಗು ಗಾಳಿಗೆ ಕೇಳಿದರೆ “ಇವತ್ತು ಬೇರೆ ಎಂಜಿನ್ನು” ಎನ್ನುವರು. ಹಾಸಿಗೆಯ ಹತ್ತಿ ಹೊಡೆಯುವವನು ಬಿಲ್ಲಿನ ತಂತಿಯನ್ನು ಟೊಂಯ್ ಎಂದು ಮೀಟುತ್ತಾ ಗಲ್ಲಿಗೆ ಬಂದರೆ, “ಅವನದು ಸರಿಯಾಗಿ ನಿಷಾದ ಸ್ವರಕ್ಕಿದೆ” ಎಂದು ತಲೆಯಾಡಿಸುವರು. ಮನೆಯ ಹಾಸಿಗೆಗಳೆಲ್ಲ ಅವನ ಕೈಗೆ ಹೋಗಿ ಉಬ್ಬಿ ಬರುತ್ತಿದ್ದವು, ಒಂದನ್ನು ಬಿಟ್ಟು. ಅತ್ತೆಯ ಕೋಣೆಯ ಅಟ್ಟದ ಮೇಲೆ, ಗೋಡೆಗೆ ಒತ್ತಿ ಸುತ್ತಿಟ್ಟ ಒಂದು ದಪ್ಪ ಹಾಸಿಗೆ. ಅದನ್ನೂ ಕೊಡೋಣವೇ ಎಂದರೆ “ಅದೊಂದು ಬೇಡ, ಅದರ ಹತ್ತಿ ಚೆನ್ನಾಗಿದೆ” ಎನ್ನುವರು. ಯಾರೂ ಮಲಗದ ಹಾಸಿಗೆಯ ಹತ್ತಿ ಚೆನ್ನಾಗಿದ್ದರೆ ಏನು ಬಂತು ಎಂದು ನಾನು ಗೊಣಗುತ್ತಿದ್ದೆ. ಅಟ್ಟ ಗುಡಿಸುವ ಕೆಲಸವನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ. ಮಂಡಿ ಕೈಕೊಟ್ಟ ಮೇಲೆ ಆ ಅಟ್ಟವನ್ನು ಯಾರೂ ಗುಡಿಸಲೂ ಇಲ್ಲ.

ಕೋವಿಯ ಆರೈಕೆಯೂ ಅವರದ್ದೇ ಆಗಿತ್ತು. ಮಾವನವರಿಗೆ ಅದನ್ನು ಹಿಡಿದುಕೊಂಡು ಗಂಭೀರವಾಗಿ ನಿಲ್ಲುವುದು ಮಾತ್ರ ಬರುತ್ತಿತ್ತು. ಅತ್ತೆ ಮೊದಮೊದಲು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಅದಕ್ಕೂ ಹಚ್ಚುತ್ತಿದ್ದರಂತೆ. ಕಬ್ಬಿಣಕ್ಕೆ ಎಣ್ಣೆ ತಾನೇ ಬೇಕು! ಡಿಸೆಂಬರಿನ ಚಳಿಗೆ ಎಣ್ಣೆ ಹೆಪ್ಪುಗಟ್ಟಿ, ಕುದುರೆ ಎಳೆದ ಕಡೆಯೇ ನಿಂತುಬಿಟ್ಟಿತು. ಒಲೆಯ ಹತ್ತಿರ ಹಿಡಿದು ಕರಗಿಸಿದರು. (ಮದ್ದಿಲ್ಲದ ಕೋವಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?) ಆಮೇಲೆ ಹೊಲಿಗೆ ಯಂತ್ರದ ಎಣ್ಣೆಗೆ ಬಂದರು. ಒರೆಸಿ ಮುಗಿಸಿದ ಮೇಲೆ ಕುದುರೆಯನ್ನು ಹೆಬ್ಬೆರಳಲ್ಲಿ ತಡೆದು ಮೆಲ್ಲಗೆ ಇಳಿಸಿ, ಕಿವಿಗೊಟ್ಟು ಆ ಸಣ್ಣ ಟಕ್ ಅನ್ನು ಕೇಳಿಸಿಕೊಳ್ಳುತ್ತಿದ್ದರು. “ಬಿಗಿ ಬಿಟ್ಟು ಇಡಬೇಕು ಕಣೆ. ಎಳೆದು ಇಟ್ರೆ ಒಳಗಿನ ಸ್ಪ್ರಿಂಗು ಸತ್ತು ಹೋಗತ್ತೆ.” ಇದು ಅತ್ತೆಗೆ ಎಲ್ಲಿಂದ ಗೊತ್ತಾಯಿತು ಎಂದು ನನಗೆ ಆಶ್ಚರ್ಯ.

ಅವರ ಕೈ ಸೋತ ಮೇಲೆ ಆ ಕೆಲಸ ನನಗೆ ಬಂತು. ಮೊದಲ ಸಲ ಬೆಳಕಿಗೆ ಹಿಡಿದಾಗ ನಳಿಗೆಯ ಮೇಲೆ ಒಂದು ಕೆಂಗಂದು ಚುಕ್ಕೆ ಕಂಡಿತು, ಸಾಲಾಗಿ ಕೆಳಗೆ ಇನ್ನೆರಡು. ಪ್ರತಿ ಆಯುಧಪೂಜೆಯಲ್ಲೂ ನೀರಲ್ಲಿ ಕಲಸಿದ ಅರಿಸಿನ ಕುಂಕುಮ ಇಟ್ಟ ಜಾಗ. ನಮ್ಮ ಭಕ್ತಿ ಕೋವಿಯ ಹಣೆಯಲ್ಲಿ ತುಕ್ಕಿನ ಬೊಟ್ಟಾಗಿ ಕೂತಿತ್ತು. ಅಂದಿನಿಂದ ನಾನು ಈ ವಿಷಯದಲ್ಲಿ ಕಂಡದ್ದನ್ನೆಲ್ಲ ಓದತೊಡಗಿದೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಮೊಬೈಲು ಹಿಡಿದು ಕೂತರೆ, ಬೇರೆ ಹೆಂಗಸರು ಪಲ್ಯದ ವಿಡಿಯೊ ನೋಡುವ ಹೊತ್ತಿಗೆ ನಾನು ಯಾವುದೋ ದೇಶದ ಅಜ್ಜ ತನ್ನ ಹಳೆಯ ಕೋವಿ ಒರೆಸುವುದನ್ನು ನೋಡುತ್ತಿದ್ದೆ. ಬರಿಗೈಯಲ್ಲಿ ನಳಿಗೆ ಮುಟ್ಟಬಾರದು, ಬೆರಳಿನ ಗುರುತೇ ತುಕ್ಕಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ಮುಚ್ಚಿಡಬಾರದು, ಬಟ್ಟೆ ತೇವ ಹಿಡಿಯುತ್ತದೆ. ನಿಲ್ಲಿಸುವುದಾದರೆ ಬಾಯಿ ಕೆಳಗಿರಬೇಕು, ಇಲ್ಲವಾದರೆ ಎಣ್ಣೆ ಇಳಿದು ಮರಕ್ಕೆ ಹೋಗುತ್ತದೆ. ಬೀಗದ ಕೈ ಒಂದು ಕಡೆ, ಕೋವಿ ಇನ್ನೊಂದು ಕಡೆ. ನಮ್ಮ ಟವೆಲು, ನಮ್ಮ ಮಕಮಲ್ಲು, ನಮ್ಮ ಮಂಚದ ಕೆಳಗಿನ ಜಾಗ ಎಲ್ಲವೂ ತಪ್ಪೇ. ಟವೆಲು ತೆಗೆದು ಬಿಳಿ ಪೊಟ್ಟಣಗಳನ್ನು ಸುರಿದೆ. ಅಷ್ಟು ನನ್ನಿಂದಾಯಿತು.

ಅದಿರಲಿ, ನೀವೂ ಗಮನಿಸಿರಬಹುದು: ನಮ್ಮ ಮನೆಗಳಲ್ಲಿ ಉದ್ದನೆಯ ವಸ್ತುಗಳಿಗೆ ಜಾಗವೇ ಇರುವುದಿಲ್ಲ. ಬೀರುವಿನ ಅರೆಗಳು ಸೀರೆಯ ಮಡಿಕೆಯ ಅಳತೆಗೆ, ಅಡುಗೆಮನೆಯ ಅರೆಗಳು ಡಬ್ಬದ ಅಳತೆಗೆ. ಜೇಡರ ಬಲೆ ತೆಗೆಯುವ ಕೋಲು, ಪರದೆಯ ಸರಳು, ತಾತನ ಕಾಲದ ದೊಡ್ಡ ಛತ್ರಿ ಇವೆಲ್ಲ ಬಾಗಿಲ ಹಿಂದೆ ಅನಾಥರಂತೆ ನಿಂತಿರುತ್ತವೆ. ಬಾಗಿಲು ಜೋರಾಗಿ ತೆಗೆದವರ ಮೇಲೆ ಬಿದ್ದು ತಮ್ಮ ಇರವನ್ನು ತಿಳಿಸುತ್ತವೆ. ನಮ್ಮ ಮನೆಯಲ್ಲಿ ಬೀಗವಿದ್ದ ಉದ್ದನೆಯ ವಸ್ತು ಎಂದರೆ ಆ ತಂಬೂರಿ ಪೆಟ್ಟಿಗೆ ಒಂದೇ.

ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನ ಕೋವಿಗಳನ್ನು ಠಾಣೆಗೆ ಒಪ್ಪಿಸಿ, ಎಣಿಕೆ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಇವರು ಪೆಟ್ಟಿಗೆಯ ಸಮೇತ ಆಟೋದಲ್ಲಿ ಒಯ್ಯುತ್ತಾರೆ. ಒಂದು ಸಲ ಅತ್ತೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಮೂವರೂ ಒಂದೇ ಆಟೋ ಹತ್ತಿದೆವು. ಪೆಟ್ಟಿಗೆ ನಮ್ಮ ಮಡಿಲುಗಳ ಮೇಲೆ ಅಡ್ಡಡ್ಡ ಮಲಗಿತ್ತು. ಆಟೋದವರು ಕನ್ನಡಿಯಲ್ಲಿ ನೋಡಿ, “ಏನಮ್ಮಾ, ಕಚೇರಿನಾ? ಎಲ್ಲಿ, ದೇವಸ್ಥಾನದಲ್ಲಾ?” ಎಂದರು.

“ಇಲ್ಲಪ್ಪ, ಪೊಲೀಸ್ ಸ್ಟೇಷನ್ನಲ್ಲಿ,” ಎಂದರು ಅತ್ತೆ.

“ಅಲ್ಲೂ ಇಡ್ತಾರಾ?” 

“ಎಲೆಕ್ಷನ್ ಬಂದ್ರೆ ಇಡ್ತಾರೆ.”

ಆಟೋದವರು ಕನ್ನಡಿಯನ್ನು ಬೇರೆ ಕಡೆ ತಿರುಗಿಸಿದರು. ನಾನು ನಗು ತಡೆದುಕೊಂಡು ಅತ್ತೆಯ ಕಡೆ ತಿರುಗಿದೆ. ಅವರು ನಗುತ್ತಿರಲಿಲ್ಲ. ಪೆಟ್ಟಿಗೆಯ ಸಣ್ಣ ತುದಿಯ ಮೇಲೆ ಅವರ ಬಲಗೈಯ ನಡುಬೆರಳು ಮತ್ತು ತೋರುಬೆರಳು ಒಂದಾದ ಮೇಲೊಂದು ಮೆಲ್ಲಗೆ ಏಳುತ್ತಿದ್ದವು, ಬೀಳುತ್ತಿದ್ದವು. ತಂತಿ ಇದ್ದಿದ್ದರೆ ಇರುತ್ತಿದ್ದ ಜಾಗದಲ್ಲಿ.

ಆವತ್ತಿನಿಂದ ಆ ತಂಬೂರಿ ನನ್ನ ತಲೆ ಹೊಕ್ಕಿತು. ಯಾರಿಗೆ ಕೊಟ್ಟಿರಬಹುದು? ಸಮಯ ನೋಡಿ ಕೇಳುತ್ತಿದ್ದೆ. ಒಂದು ಸಲ “ಬಾಣಸವಾಡಿಯ ಒಂದು ಹುಡುಗಿ ಕಲೀತಾ ಇದ್ಲು, ಅವಳಿಗೆ” ಎಂದರು. ಇನ್ನೊಂದು ಸಲ “ದೇವಸ್ಥಾನದ ಭಜನೆಯವರು ತಗೊಂಡು ಹೋದ್ರು.” ಮತ್ತೊಮ್ಮೆ ಬಟಾಣಿ ಬಿಡಿಸುತ್ತಾ, “ನೆನಪಿಲ್ಲ ಬಿಡು” ಎಂದರು. ಕುಕ್ಕರಿನ ಸೀಟಿ ನೆನಪಿಡುವವರಿಗೆ ತಂಬೂರಿ ಕೊಟ್ಟವರು ನೆನಪಿಲ್ಲವೇ? ಇವರನ್ನು ಕೇಳಿದರೆ, “ನಾನು ಚಿಕ್ಕೋನು ಆಗ, ನಂಗೇನು ಗೊತ್ತು” ಎಂದರು.

ಅಷ್ಟರಲ್ಲಿ ಅತ್ತೆಯ ಕಿವಿ ಮಂದವಾಗುತ್ತಾ ಬಂತು. ಮೊದಲು ಹೋದದ್ದು ರೈಲು. ಆಮೇಲೆ ಹಾಲಿನವನ ಗಂಟೆ. ಒಂದು ದಿನ ಕುಕ್ಕರು ಕರ್ಕಶವಾಗಿ ಕೂಗಿಕೊಂಡರೂ ಅವರು ಹೂ ಕಟ್ಟುತ್ತಲೇ ಇದ್ದರು. ಗ್ಯಾಸ್ಕೆಟ್ ಹೋಗಿದೆ ಎಂದು ನನಗೇ ಗೊತ್ತಾಯಿತು. ಗೊತ್ತಾದದ್ದು ಸ್ವಲ್ಪವೂ ಚೆನ್ನಾಗಿರಲಿಲ್ಲ. ಕಿವಿ ಡಾಕ್ಟರು ಯಂತ್ರ ಹಾಕಿಸಿಕೊಳ್ಳಿ ಎಂದರೆ, ಪರೀಕ್ಷೆಗೆ ಹಾಕಿ ನೋಡಿ ತೆಗೆದಿಟ್ಟರು. “ಎಲ್ಲಾ ತಗಡು ಬಡಿದಂಗೆ ಕೇಳತ್ತೆ. ಅದಕ್ಕಿಂತ ಕೇಳದೇ ಇರೋದೇ ವಾಸಿ.” ತಂಬೂರಿ ಎಲ್ಲಿಯಾದರೂ ಇದ್ದರೆ ಈಗಲೇ ಬರಬೇಕು, ಅತ್ತೆಯ ಕಿವಿಗೆ ಇನ್ನೂ ಒಂದಿಷ್ಟು ಕೇಳುವಾಗಲೇ ಬರಬೇಕು ಎಂದು ನನಗೆ ಅವಸರ ಹತ್ತಿತು. ಬಾಣಸವಾಡಿಯಲ್ಲಿ ಸಂಗೀತ ಪಾಠ ಹೇಳುವ ಇಬ್ಬರು ಮೂವರ ಮನೆ ಬಾಗಿಲು ತಟ್ಟಿದೆ. ಭಜನೆಯವರನ್ನು ವಿಚಾರಿಸಿದೆ. ಅವರ ಹತ್ತಿರ ಇದ್ದದ್ದು ಗುಂಡಿ ಒತ್ತಿದರೆ ಶ್ರುತಿ ಹಿಡಿಯುವ ಡಬ್ಬಿ.

ಹೀಗಿರುವಾಗ ಲೈಸೆನ್ಸು ನವೀಕರಣಕ್ಕೆ ಬಂತು. ಠಾಣೆಯಿಂದ ಒಬ್ಬರು ಮನೆ ನೋಡಲು ಬಂದರು.

“ಆಯುಧ ಎಲ್ಲಿಡ್ತೀರಾ ಸಾರ್? ಸ್ವಲ್ಪ ತೋರ್ಸಿ.”

ಇವರು ಪೆಟ್ಟಿಗೆ ಎಳೆದರು.

“ಸಂಗೀತ ಆಮೇಲೆ ಕೇಳೋಣ ಸಾರ್. ಮೊದ್ಲು ಕೋವಿ ತೋರ್ಸಿ.”

“ಇದರೊಳಗೇ ಇದೆ.”

ಅವರು ಬಗ್ಗಿ ಬೀಗವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. “ಇದಕ್ಕಿಂತ ಗಟ್ಟಿ ಬೀಗ ನನ್ ಮಗಳ ಪೆನ್ಸಿಲ್ ಬಾಕ್ಸಿಗಿದೆ. ಹಿಂಗಾದ್ರೆ ನಾನು ಬರ್ಕೊಳೋದು ಹೆಂಗೆ? ಸ್ಟೀಲಿಂದು ಮಾಡ್ಸಿ, ಗೋಡೆಗೆ ಬೋಲ್ಟ್ ಹಾಕ್ಸಿ. ಎತ್ಕೊಂಡು ಹೋಗೋ ಹಾಗಿರಬಾರ್ದು. ಆಗಲ್ಲ ಅಂದ್ರೆ ಡೀಲರ್ ಹತ್ರ ಡಿಪಾಸಿಟ್ ಮಾಡ್ಬಿಡಿ.” ಅತ್ತೆ ಕೊಟ್ಟ ಕಾಫಿ ಕುಡಿದು, ಚೆನ್ನಾಗಿದೆ ಎಂದು ಹೇಳಿ ಹೋದರು. ಇವರು ಅವತ್ತೆಲ್ಲ ಕೋವಿಯ ಹಿಡಿ ಸವರುತ್ತಾ ಮಂಕಾಗಿ ಕೂತಿದ್ದರು.

ನಾನು ನಸ್ರೀನಳಿಗೆ ಫೋನು ಮಾಡಿದೆ. ಬಿಲ್ಲೆ ಹಂಚಿಕೊಂಡ ಗೆಳತಿ ಈಗ ಫ್ರೇಜರ್ ಟೌನಿನಲ್ಲಿದ್ದಾಳೆ. ಅವಳ ಗಂಡನ ಮನೆಯವರಿಗೆ ಶಿವಾಜಿನಗರದಲ್ಲಿ ಸ್ಟೀಲ್ ಬೀರು ಮಾಡುವ ಕಾರ್ಖಾನೆ.

“ಎಷ್ಟುದ್ದ ಬೇಕೇ?”

“ಕೋವಿ ಉದ್ದ.”

“ಕೋವಿ ಉದ್ದ ನಂಗೇನು ಗೊತ್ತು? ನಮ್ಮನೇಲಿ ಉದ್ದ ಅಂದ್ರೆ ನಮ್ಮತ್ತೆ ನಾಲಿಗೆ ಒಂದೇ. ಟೇಪ್ ಹಿಡಿದು ಹೇಳು. ಮತ್ತೆ ಮಿಸ್ತ್ರಿಗೆ ಏನಂತ ಹೇಳ್ಲಿ, ಒಳಗೆ ಏನಿಡ್ತೀರಾ ಅಂತ?”

“ಕೋವಿ ಅಂತ ಮಾತ್ರ ಹೇಳ್ಬೇಡ್ವೇ. ನಾಲ್ಕು ಜನಕ್ಕೆ ಗೊತ್ತಾಗೋದು ಬೇಡ. ಛತ್ರಿ ಅನ್ನು.”

ಸಂಜೆಗೆ ಅವಳದೇ ಫೋನು. “ಅರೇ ವಸೂ, ಮಿಸ್ತ್ರಿ ಕೇಳ್ತಾನೆ, ಛತ್ರಿಗೆ ಎರಡು ಬೀಗ, ಗೋಡೆಗೆ ಬೋಲ್ಟು... ಅಕ್ಕಾ, ಯಾವ ನವಾಬನ ಛತ್ರಿ ಇದು ಅಂತ!”

ಒಳಗೆ ಸ್ಪಂಜು ಅಂಟಿಸಿ ಕೊಡುತ್ತೇನೆ ಎಂದಳು. “ನಕ್ಕೋ” ಎಂದು ಅವಳ ದಖನಿಯಲ್ಲೇ ಬೇಡವೆಂದೆ, “ಸ್ಪಂಜು ತೇವ ಕುಡಿಯುತ್ತೆ.” ಮರದ ಹಲಗೆಗೆ ನಳಿಗೆ ಕೂರುವಷ್ಟು ಅರ್ಧಚಂದ್ರ ಕೊಯ್ದರೆ ಸಾಕು. ನನ್ನ ತಿಳಿವಳಿಕೆ ಕೇಳಿ ಅವಳು, “ನಿನ್ನ ಗಂಡ ಹುಷಾರಾಗಿದ್ದಾರೆ ತಾನೆ?” ಎಂದು ಕೇಳಿದಳು.

ಕೋವಿಯ ಸ್ಟೀಲ್ ಲಾಕರು ಬರುವ ಹಿಂದಿನ ದಿನ ಪೆಟ್ಟಿಗೆಯನ್ನು ಖಾಲಿ ಮಾಡಿ ಅಂಗಳದ ಬಿಸಿಲಿಗೆ ಇಟ್ಟೆ. ಅತ್ತೆ ಮೆಟ್ಟಿಲ ಮೇಲೆ ಬಂದು ಕೂತರು. ನಾನು ಅವರ ಕಿವಿಯ ಹತ್ತಿರ ಬಾಗಿ, ಸ್ವಲ್ಪ ಜೋರಾಗಿಯೇ ಕೇಳಿದೆ: “ಮಾವ ನಿಮ್ಮ ಪೆಟ್ಟಿಗೆ ಕಿತ್ಕೊಂಡ್ರಾ ಅತ್ತೆ?”

“ಇಲ್ಲಮ್ಮ. ನಾನೇ ಕೊಟ್ಟೆ.” ಅವರು ಕೆಂಪು ಮಕಮಲ್ಲಿನ ಧೂಳು ಒರೆಸಿದರು. “ಕೋವಿ ಹಾಲಿನಲ್ಲಿ ಗೂಟದ ಮೇಲಿರ್ತಿತ್ತು. ನಿನ್ನ ಗಂಡ ಇಷ್ಟಿದ್ದ. ಪರೇಡು ನೋಡ್ಕೊಂಡು ಬಂದಿದ್ನಲ್ಲ, ಸ್ಟೂಲ್ ಹತ್ತಿ ಎಳ್ಕೊಂಡಿದಾನೆ. ನಾನು ರಂಗೋಲಿ ಹಾಕ್ತಾ ತಲೆ ಎತ್ತಿದ್ರೆ, ಬಾಗ್ಲಲ್ಲಿ ನಿಂತು ನನ್ನ ಕಡೆನೇ ಹಿಡಿದಿದ್ದಾನೆ. ಭಾರ ತಡೀಲಾರದೆ ಕಾಲ್ಮೇಲೆ ಬೀಳಿಸಿಕೊಂಡ. ಮದ್ದಿಲ್ಲ ಅಂತ ಗೊತ್ತು. ಆದ್ರೂ ನನ್ನ ಎದೆ...” ಅವರು ಕೈಯನ್ನು ಗಾಳಿಯಲ್ಲಿ ನಡುಗಿಸಿ ತೋರಿಸಿದರು. “ಬೀಗ ಇರೋದು ಇದೊಂದೇ. ಅವತ್ತೇ ತಂಬೂರಿ ಹೊರಗೆ ತೆಗೆದೆ.”

“ಆಮೇಲೆ?”

“ಆಮೇಲೇನು. ಕೊಟ್ವಿ.”

ಮಾರನೆಯ ದಿನ ಬೆಳಿಗ್ಗೆ ನಸ್ರೀನಳೇ ಲಾಕರಿನ ಜೊತೆ ಬಂದಳು, ಮಿಸ್ತ್ರಿಯನ್ನು ಕರೆದುಕೊಂಡು. ಅತ್ತೆಯ ಕೋಣೆಯ ಮೂಲೆಯಲ್ಲಿ, ಅಟ್ಟದ ಕೆಳಗೆ ಅದು ಸರಿಯಾಗಿ ಕೂತಿತು. ಅತ್ತೆ ಮಂಚದ ಮೇಲೆ ಅದೇ ಗೋಡೆಗೆ ಬೆನ್ನು ಕೊಟ್ಟು ಜಪದ ಮಣಿ ಹಿಡಿದು ಕೂತಿದ್ದರು. ಸದ್ದಾಗುತ್ತೆ, ಹೊರಗೆ ಬನ್ನಿ ಎಂದೆವು. “ನಂಗೆಲ್ಲಿ ಕೇಳತ್ತೆ, ಮಾಡ್ಕೊಳ್ಳಿ” ಎಂದರು. ಮಿಸ್ತ್ರಿ ಡ್ರಿಲ್ಲು ಹಿಡಿದು ಗೋಡೆಗೆ ಒತ್ತಿದರು. ಹಳೆಯ ಇಟ್ಟಿಗೆ, ಮನೆಗೆ ಮನೆಯೇ ಗುಂಯ್‌ಗುಟ್ಟಿತು. ನಾನೂ ನಸ್ರೀನಳೂ ಕಿವಿ ಮುಚ್ಚಿಕೊಂಡೆವು. ಇವರು ಕೆಂಪು ಧೂಳಿಗೆ ಹಳೆಯ ಪತ್ರಿಕೆ ಹಿಡಿದು ನಿಂತರು.

ಡ್ರಿಲ್ಲು ನಿಂತಿತು. ಸದ್ದು ನಿಲ್ಲಲಿಲ್ಲ.

ಎಲ್ಲಿಂದಲೋ ತೆಳ್ಳಗೆ, ದುಂಬಿ ಡಬ್ಬಿಯಲ್ಲಿ ಸಿಕ್ಕಿಕೊಂಡಂತೆ ಒಂದು ಝೇಂಕಾರ. ಮಿಸ್ತ್ರಿ ಹೆದರಿ ಡ್ರಿಲ್ಲನ್ನು ದೂರ ಹಿಡಿದರು. “ಕರೆಂಟ್ ಲೈನಿಗೆ ಹೊಡಿತಾ ಮೇಡಂ? ಗೋಡೆ ಒಳಗೆ ಏನೋ ಓಡ್ತಾ ಇದೆ.” ಇವರು ಮೆಯಿನ್ ಆಫ್ ಮಾಡಲು ಓಡಿದರು. ಸದ್ದು ಕರಗಿ ಕರಗಿ ಹೋಯಿತು. ನಾನು ಅತ್ತೆಯ ಕಡೆ ನೋಡಿದೆ. ಅವರು ಜಪ ನಿಲ್ಲಿಸಿದ್ದರು. ಒಂದು ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದಿದ್ದರು. ಕಣ್ಣು ಮುಚ್ಚಿತ್ತು.

“ಇನ್ನೊಂದು ಸಲ ಹೊಡಿಯಪ್ಪ,” ಎಂದರು.

ಮೆಯಿನ್ ಹಾಕಿಸಿ, ಮಿಸ್ತ್ರಿ ಅಂಜುತ್ತಂಜುತ್ತಲೇ ಎರಡನೆಯ ತೂತು ಕೊರೆದರು. ನಿಲ್ಲಿಸಿದರು. ಮತ್ತೆ ಅದೇ ಝೇಂಕಾರ, ನಮ್ಮ ತಲೆಯ ಮೇಲಿನಿಂದ, ಅಟ್ಟದಿಂದ, ಯಾರೂ ಮಲಗದ ಆ ಹಾಸಿಗೆಯೊಳಗಿಂದ.

“ಪಂಚಮ ಹೋಗಿದೆ,” ಎಂದರು ಅತ್ತೆ, ಕಣ್ಣು ಬಿಡದೆ. “ಮೂರೇ ಇದಾವೆ.”

ಹಾಸಿಗೆ ಇಳಿಸಲು ಇವರು, ಮಿಸ್ತ್ರಿ ಇಬ್ಬರೂ ಬೇಕಾದರು. ಗಂಟು ಬಿಚ್ಚಿದರೆ ಒಳಗೆ ಮಗುವನ್ನು ಮಲಗಿಸಿದಂತೆ ತಂಬೂರಿ. ಬುರುಡೆ ಒಡೆದಿಲ್ಲ. ಉದ್ದನೆಯ ದಂಡಿಯ ಮೇಲೆ ಚೂರೂ ಧೂಳಿಲ್ಲ. ಒಂದು ತಂತಿ ತುಂಡಾಗಿ ಸುರುಳಿ ಸುತ್ತಿಕೊಂಡಿತ್ತು. ಮಿಕ್ಕ ಮೂರು ಸಡಿಲವಾಗಿ, ಆದರೂ ಸಾಯದೆ ಇದ್ದವು. ಬಿಗಿ ಬಿಟ್ಟು ಇಡಬೇಕು ಎಂಬ ಮಾತು ಅವರಿಗೆ ಎಲ್ಲಿಂದ ಬಂದಿತ್ತೆಂದು ನನಗೆ ಆಗ ತಿಳಿಯಿತು.

ಇವರು ಬಹಳ ಹೊತ್ತು ನೋಡಿ, “ಅಮ್ಮ, ಕೊಟ್ಬಿಟ್ಟೆ ಅಂದಿದ್ದೆ?” ಎಂದರು.

“ಕೊಟ್ಟಿದ್ದೆ. ಹಾಸಿಗೆಗೆ ಕೊಟ್ಟಿದ್ದೆ.”

ನಸ್ರೀನ್ ಕಿಸಕ್ಕನೆ ನಕ್ಕು, ಬಾಯಿಗೆ ದುಪಟ್ಟ ಅಡ್ಡ ಹಿಡಿದಳು.

“ಯಾಕಮ್ಮ?” ಎಂದರು ಇವರು.

“ಇದೆ ಅಂದ್ರೆ ಇಳಿಸು ಅಂತಾರೆ. ಇಳಿಸಿದ್ರೆ ನೀನು ಅದನ್ನೂ ಎಳೀತಿದ್ದೆ. ನೀನು ದೊಡ್ಡೋನಾಗ್ಲಿ, ಆಮೇಲೆ ಇಳಿಸೋಣ ಅಂದ್ಕೊಂಡೆ.” ಅತ್ತೆ ಇವರ ನರೆತ ತಲೆಯನ್ನು ಒಮ್ಮೆ ನೋಡಿದರು. “ಆಮೇಲೆ ನೋಡಿದ್ರೆ ನೀನು ದೊಡ್ಡೋನಾಗಿಬಿಟ್ಟಿದ್ದೆ.”

ಇವರು ಬಗ್ಗಿ, ತಮ್ಮ ಕೋವಿಯನ್ನು ಸವರುವ ಹಾಗೆಯೇ ಆ ದಂಡಿಯನ್ನು ಒಮ್ಮೆ ಸವರಿದರು. “ಕೈ ಬೆವರಿದೆ, ಒರೆಸ್ಕೊಂಡು ಮುಟ್ಟು,” ಎಂದರು ಅತ್ತೆ.

ಪೆಟ್ಟಿಗೆ ಬಿಸಿಲು ಕಾದು ಸಿದ್ಧವಾಗಿತ್ತು. ನಾನು ಸಂಭ್ರಮದಿಂದ ಎಳೆದು ತಂದೆ. ಅತ್ತೆ ಮೂಗು ಹತ್ತಿರ ಹಿಡಿದು, “ಹೊಲಿಗೆ ಮಿಷನ್ ವಾಸನೆ” ಎಂದು ಮುಖ ತಿರುಗಿಸಿದರು. “ಮತ್ತೆ ಯಾಕೆ ಮುಚ್ಚಿಡ್ತೀಯಾ? ಈಗ ಎಳೆಯೋರು ಯಾರಿದಾರೆ?” ಹೊಸ ತಂತಿ ಹಾಕಿಸಿಕೊಂಡು ಬಂದ ಮೇಲೆ ತಂಬೂರಿ ಅವರ ಮಂಚದ ತಲೆಯ ಕಡೆ, ಗೋಡೆಯ ಮೂಲೆಗೆ ಒರಗಿ ನಿಂತಿದೆ. ಅತ್ತೆ ಹಾಡುವುದಿಲ್ಲ. ಬೆಳಿಗ್ಗೆ ಒಂದಿಷ್ಟು ಹೊತ್ತು ಅದನ್ನು ಹೆಗಲಿಗೆ ಒರಗಿಸಿ, ಕಿವಿಯನ್ನು ದಂಡಿಗೆ ತಾಗಿಸಿ ಮೀಟುತ್ತಾರೆ. ಯಂತ್ರವಿಲ್ಲದೆ, ತಗಡಿನ ಸದ್ದಿಲ್ಲದೆ, ಮರದ ಮೂಲಕ ಅವರಿಗೆ ಎಲ್ಲವೂ ಕೇಳುತ್ತದಂತೆ. ಪೆಟ್ಟಿಗೆ ಹಾಲಿನ ಬಾಗಿಲ ಹಿಂದೆ ಇದೆ. ಅದರೊಳಗೆ ಈಗ ಜೇಡರ ಬಲೆಯ ಕೋಲು, ಪರದೆಯ ಸರಳು, ತಾತನ ಛತ್ರಿ. ನಸ್ರೀನಳ ಮಿಸ್ತ್ರಿಗೆ ಹೇಳಿದ ಸುಳ್ಳು ಅಷ್ಟರಮಟ್ಟಿಗೆ ನಿಜವಾಯಿತು.

ಠಾಣೆಯವರು ಬಂದು ಲಾಕರನ್ನು ಎಳೆದು ನೋಡಿ, ಅಲ್ಲಾಡದ್ದಕ್ಕೆ ಸಂತೋಷಪಟ್ಟು, ಮತ್ತೆ ಕಾಫಿ ಕುಡಿದು ಹೋದರು. ಕೋವಿ ಬಾಯಿ ಕೆಳಗಾಗಿ, ಕುದುರೆ ಇಳಿಸಿಕೊಂಡು, ಕಾಲಬುಡದಲ್ಲಿ ನನ್ನ ಬಿಳಿ ಪೊಟ್ಟಣಗಳನ್ನು ಇಟ್ಟುಕೊಂಡು ನಿಂತಿದೆ. ತಿಂಗಳಿಗೊಮ್ಮೆ ಹಳೆಯ ಸಾಕ್ಸು ಕೈಗೆ ಹಾಕಿಕೊಂಡು ಅದನ್ನು ಒರೆಸುತ್ತೇನೆ. ಪೊಟ್ಟಣಗಳನ್ನು ಬಿಸಿಲಿಗೆ ಇಟ್ಟು, ಕಾಯಿಸಿ ವಾಪಸ್ಸು ಇಡುತ್ತೇನೆ. ಲಾಕರಿನ ಬಾಗಿಲು ಭಾರ. ಎಷ್ಟು ಮೆಲ್ಲಗೆ ತಳ್ಳಿದರೂ ಕೊನೆಗೆ ಧಡ್ ಎಂದೇ ಮುಚ್ಚುತ್ತದೆ. ಅದು ಮುಚ್ಚಿದೊಡನೆ ಅದೇ ಗೋಡೆಗೆ ಒರಗಿದ ತಂಬೂರಿ ತನ್ನಷ್ಟಕ್ಕೆ ಸಣ್ಣಗೆ ಮಿಡಿಯುತ್ತದೆ. ನಾನು ಬೀಗದ ಕೈಯನ್ನು ಕೈಯಲ್ಲೇ ಹಿಡಿದು, ಅಲುಗದೆ ನಿಲ್ಲುತ್ತೇನೆ.

ಅತ್ತೆಯ ಅಂಗೈ ಆಗಲೇ ಗೋಡೆಯ ಮೇಲಿರುತ್ತದೆ.

“ಪಂಚಮ ಇಳಿದಿದೆ,” ಎನ್ನುತ್ತಾರೆ. “ತಂಬೂರಿ ಇಲ್ಲಿ ಕೊಡು.”